ಸೈಕಲಾಜಿಕಲ್ ಥ್ರಿಲ್ಲರ್: ಕನ್ನಡ ಚಿತ್ರಗಳ ರೂಢಿಗಳು

ಸೈಕಲಾಜಿಕಲ್ ಥ್ರಿಲ್ಲರ್: ಹೊರಗಿನ ಅಪಾಯಕ್ಕಿಂತ ಪಾತ್ರದ ಮನಸ್ಸಿನೊಳಗಿನ ಅಪಾಯವನ್ನೇ ಕುತೂಹಲಕ್ಕೆ ಬೇರು ಮಾಡಿಕೊಂಡ ಚಲನಚಿತ್ರ ಪ್ರಕಾರ. ‘ಮನೋವೈಜ್ಞಾನಿಕ ಚಿತ್ರ’ ಎಂದು ವಿಮರ್ಶಕರು ಬರೆಯುವುದುಂಟು. ಆದರೆ ಪೋಸ್ಟರಿನ ಮೇಲೂ ಥಿಯೇಟರಿನ ಎದುರಿನ ಚಹಾದಂಗಡಿಯಲ್ಲೂ ನೆಲೆನಿಂತ ಹೆಸರು ಇಂಗ್ಲಿಷಿನದೇ. ಪತ್ತೇದಾರಿ ಚಿತ್ರ ‘ಕೊಂದವರು ಯಾರು’ ಎಂದು ಕೇಳುತ್ತದೆ, ದೆವ್ವದ ಚಿತ್ರ ‘ಅಲ್ಲಿರುವುದು ಏನು’ ಎಂದು ಕೇಳುತ್ತದೆ. ಈ ಪ್ರಕಾರದ ಪ್ರಶ್ನೆ ‘ನಾನು ಕಂಡದ್ದು ನಿಜವೇ’ ಎಂಬುದು. ಮೂರೂ ಒಂದರೊಳಗೊಂದು ಬೆರೆಯುತ್ತವೆ. ಕನ್ನಡದಲ್ಲಂತೂ ಬೆರೆಯದ ಉದಾಹರಣೆ ಹುಡುಕುವುದೇ ಕಷ್ಟ.

ಪ್ರಕಾರದ ಮೂಲ ರೂಢಿಗಳು ಯುರೋಪು, ಅಮೆರಿಕಗಳಲ್ಲಿ ಗಟ್ಟಿಯಾದವು. 1920ರ ಜರ್ಮನ್ ಚಿತ್ರ ‘ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ’ಯಲ್ಲಿ ಕಥೆ ಹೇಳುತ್ತಿರುವವನೇ ಹುಚ್ಚಾಸ್ಪತ್ರೆಯ ರೋಗಿ ಎಂಬುದು ಕೊನೆಗೆ ತಿಳಿಯುತ್ತದೆ. ಹೇಳುವವನನ್ನು ನಂಬಲಾಗದ ಕಥೆಗೆ ಸಿನಿಮಾದಲ್ಲಿ ಅದು ಮೇಲ್ಪಂಕ್ತಿಯಾಯಿತು. ಪ್ಯಾಟ್ರಿಕ್ ಹ್ಯಾಮಿಲ್ಟನ್‌ನ 1938ರ ನಾಟಕವನ್ನು ಆಧರಿಸಿದ ‘ಗ್ಯಾಸ್‌ಲೈಟ್’ (1944) ಚಿತ್ರದಲ್ಲಿ ಮನೆಯ ದೀಪ ಮಂಕಾಗುವುದನ್ನು ಹೆಂಡತಿ ಕಣ್ಣಾರೆ ಕಾಣುತ್ತಾಳೆ. ಹಾಗೇನೂ ಆಗಿಲ್ಲ, ನಿನ್ನ ತಲೆಯೇ ಕೆಟ್ಟಿದೆ ಎಂದು ಗಂಡ ಅವಳನ್ನು ನಂಬಿಸುತ್ತಾನೆ. ಹಿಚ್‌ಕಾಕ್‌ನ ‘ಸೈಕೋ’ (1960) ನಾಯಕಿ ಎಂದುಕೊಂಡವಳನ್ನು ಅರ್ಧದಲ್ಲೇ ಕೊಂದು, ನೋಡುಗರ ಕಾಲಡಿಯ ನೆಲವನ್ನೇ ಎಳೆದುಬಿಟ್ಟಿತು. ನಂಬಲಾಗದ ನಿರೂಪಕ, ಬಾಗಿಲು ಮುಚ್ಚಿದ ಮನೆ, ಅನುಮಾನಕ್ಕೆ ಗುರಿಯಾದ ಸಂಗಾತಿ, ಒಂದೇ ದೇಹದಲ್ಲಿ ಇಬ್ಬರು, ಬಿಡಿಸಿ ಹೇಳಲು ಬರುವ ವೈದ್ಯ: ಹೀಗೆ ಒಂದು ಪರಿಕರದ ಪೆಟ್ಟಿಗೆ ಸಿದ್ಧವಾಯಿತು. ಕನ್ನಡ ಅದನ್ನು ಎರವಲು ತಂದಿತು, ನಿಜ. ತಂದ ಮೇಲೆ ಯಾವುದನ್ನು ಎಲ್ಲಿ ಇಟ್ಟಿತು ಎಂಬುದು ಬೇರೆಯದೇ ಕಥೆ.

ಹಿಂದಿರುಗಿ ನೋಡುವ ಸಿಂಹ

ಈ ಪರಿಕರಗಳಲ್ಲಿ ಕೆಲವು ಕ್ಯಾಮೆರಾಕ್ಕಿಂತ ಬಹಳ ಹಳೆಯವು. ಬಾಗಲಕೋಟೆ ಜಿಲ್ಲೆಯ ಮುಧೋಳಕ್ಕೆ ಹಿಂದೆ ಮುದುವೊಳಲು ಎಂದು ಹೆಸರಿತ್ತು. ಆ ಊರಿನ ಬಳೆಗಾರರ ಮನೆಯಲ್ಲಿ ಹುಟ್ಟಿ, ಕಲ್ಯಾಣದ ಚಾಳುಕ್ಯರ ಆಶ್ರಯದಲ್ಲಿ ಕವಿಚಕ್ರವರ್ತಿ ಎನಿಸಿಕೊಂಡವನು ರನ್ನ. ಹತ್ತನೆಯ ಶತಮಾನದ ಈ ಕವಿಯ ‘ಗದಾಯುದ್ಧ’ ಮಹಾಭಾರತದ ಕಥೆಯನ್ನು ಮೊದಲಿನಿಂದ ಹೇಳುವುದಿಲ್ಲ. ಯುದ್ಧ ಮುಗಿಯುತ್ತ ಬಂದಾಗ ಆರಂಭವಾಗಿ, ಆದದ್ದನ್ನೆಲ್ಲ ಹಿಂದಿರುಗಿ ನೋಡುತ್ತದೆ. ಈ ಕ್ರಮಕ್ಕೆ ಕವಿಯೇ ಇಟ್ಟ ಹೆಸರು ಸಿಂಹಾವಲೋಕನ. ಇಂದಿನ ಚಿತ್ರಕಥೆಗಾರರು ಫ್ಲ್ಯಾಶ್‌ಬ್ಯಾಕ್ ಎಂದು ಕರೆಯುವುದಕ್ಕೆ ಇಷ್ಟು ಗತ್ತಿನ ಹೆಸರು ಬೇರೆ ಭಾಷೆಯಲ್ಲಿ ಇದ್ದೀತೇ ಎಂಬುದು ಅನುಮಾನ.

ಹೆಸರಿಗಿಂತ ಮುಖ್ಯವಾದದ್ದು ಆ ಹಿನ್ನೋಟ ನಡೆಯುವ ಬಗೆ. ಎಲ್ಲರನ್ನೂ ಕಳೆದುಕೊಂಡ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ಹೆಜ್ಜೆ ಇಡುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ ಹೀಗೆ ಒಂದೊಂದು ದೇಹ ಕಂಡಾಗಲೂ ಅವನ ಮನಸ್ಸಿನ ಒಂದೊಂದು ಕೋಣೆ ತೆರೆಯುತ್ತದೆ. ಶತ್ರುವಿನ ಮಗ ಅಭಿಮನ್ಯುವನ್ನು ಕಂಡು ಮೆಚ್ಚುವ ಮನಸ್ಸೂ ಅದರೊಳಗೇ ಇದೆ. ಆಮೇಲೆ ವೈಶಂಪಾಯನ ಸರೋವರದಲ್ಲಿ ಅಡಗಿದವನನ್ನು ದಡದಿಂದ ಭೀಮ ಕೂಗಿ ಕರೆಯುತ್ತಾನೆ. ನೀರಿನೊಳಗಿದ್ದೂ ಸಿಟ್ಟಿಗೆ ಬೆವರುವ ದುರ್ಯೋಧನನ ಚಿತ್ರ ಕನ್ನಡ ಓದುಗರಿಗೆಲ್ಲ ಗೊತ್ತಿರುವಂಥದು. ಹೊರಗಿನ ಕೂಗು, ಒಳಗಿನ ಕುದಿ, ನಡುವೆ ನೀರಿನ ತೆಳು ಪರದೆ. ಈತ ಹೊರಗೆ ಬರುತ್ತಾನೆಂದು ಓದುಗನಿಗೆ ಮೊದಲೇ ಗೊತ್ತು, ಆದರೂ ಉಸಿರು ಹಿಡಿದು ಕಾಯುತ್ತಾನೆ. ಸಸ್ಪೆನ್ಸ್ ಎಂದರೆ ಗುಟ್ಟು ಮುಚ್ಚಿಡುವುದಲ್ಲ, ಗೊತ್ತಿರುವುದಕ್ಕೆ ಕಾಯಿಸುವುದು ಎಂದು ಹಿಚ್‌ಕಾಕ್ ಹಲವು ಸಲ ವಿವರಿಸಿದ್ದು ಇದನ್ನೇ. ರನ್ನನನ್ನು ಥ್ರಿಲ್ಲರ್ ಬರೆದವನೆಂದು ಕರೆದರೆ ಅತಿಯಾದೀತು. ಈ ಕಸುಬಿನ ಕೀಲು ಅವನಿಗೆ ಗೊತ್ತಿತ್ತು ಎಂದರೆ ತಪ್ಪಾಗದು.

ಮನೆಯೇ ಪಂಜರ

ಕನ್ನಡ ಸಿನಿಮಾದಲ್ಲಿ ಈ ಪ್ರಕಾರದ ನಿಜವಾದ ಆರಂಭ ಕೊಲೆಯಿಂದ ಆಗಲಿಲ್ಲ, ಬಾಣಂತಿಯ ಕೋಣೆಯಿಂದ ಆಯಿತು. ಪುಟ್ಟಣ್ಣ ಕಣಗಾಲರ ‘ಶರಪಂಜರ’ 1971ರದು. ಕಾದಂಬರಿ ತ್ರಿವೇಣಿಯವರದು. ಅನಸೂಯಾ ಶಂಕರ್ ಎಂಬ ನಿಜನಾಮದ ಈ ಲೇಖಕಿ ಮನಶ್ಶಾಸ್ತ್ರ ಓದಿದವರು; ‘ಬೆಕ್ಕಿನ ಕಣ್ಣು’ ಮೊದಲಾದ ಕಾದಂಬರಿಗಳಲ್ಲಿ ಹೆಣ್ಣಿನ ಒಳಮನಸ್ಸಿನ ಗಾಯಗಳನ್ನು ಕನ್ನಡದ ಸಾಮಾನ್ಯ ಓದುಗರ ಮನೆಯೊಳಗೆ ತಂದವರು. 1963ರಲ್ಲೇ ತೀರಿಕೊಂಡ ಅವರು ಈ ಚಿತ್ರವನ್ನು ನೋಡಲಿಲ್ಲ.

ಕಲ್ಪನಾ ನಟಿಸಿದ ಕಾವೇರಿಗೆ ಹೆರಿಗೆಯ ನಂತರ ಮನಸ್ಸು ಕದಡುತ್ತದೆ. ಮದುವೆಗೆ ಮುಂಚಿನ ಒಂದು ಕಹಿ ಘಟನೆ ಮೇಲೆ ಬರುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳುತ್ತಾಳೆ. ಚಿತ್ರದ ಭಯ ಶುರುವಾಗುವುದು ಅಲ್ಲಿಂದ. ಗುಣವಾಗಿದ್ದಾಳೆಂದು ವೈದ್ಯರು ಬರೆದುಕೊಟ್ಟರೂ ಮನೆ ಒಪ್ಪುವುದಿಲ್ಲ, ನೆರೆಹೊರೆಯ ಕಣ್ಣು ಒಪ್ಪುವುದಿಲ್ಲ. ಅವಳು ಜೋರಾಗಿ ನಕ್ಕರೂ ಲಕ್ಷಣ, ಸುಮ್ಮನಿದ್ದರೂ ಲಕ್ಷಣ. ಗಂಡ ದೂರ ಸರಿಯುತ್ತಾನೆ, ಅವನಿಗೆ ಬೇರೆ ಸಂಬಂಧ ಇರುವುದು ಅವಳಿಗೆ ತಿಳಿಯುತ್ತದೆ, ಮನಸ್ಸು ಎರಡನೆಯ ಸಲ ಒಡೆಯುತ್ತದೆ.

ಇಲ್ಲಿ ಒಂದು ತಿರುವು ಇದೆ. ‘ಗ್ಯಾಸ್‌ಲೈಟ್’ನ ಗಂಡ ಸಂಚು ಹೂಡಿದ ಖಳ. ‘ಶರಪಂಜರ’ದಲ್ಲಿ ಸಂಚು ಹೂಡುವವರು ಯಾರೂ ಇಲ್ಲ. ಎಲ್ಲರೂ ಸಭ್ಯರು, ಎಲ್ಲರೂ ಅವಳ ಒಳಿತನ್ನೇ ಬಯಸುವ ಮಾತಾಡುವವರು. ಹಾಗಿದ್ದೂ ದೀಪ ಮಂಕಾಗುತ್ತಲೇ ಹೋಗುತ್ತದೆ. ‘ಇವಳಿಗೆ ಹುಚ್ಚೇ’ ಎಂಬುದು ಪಶ್ಚಿಮದ ಚಿತ್ರಗಳ ಪ್ರಶ್ನೆಯಾದರೆ, ‘ಇವಳಿಗೆ ಹುಚ್ಚು ಅಂದವರು ಯಾರು’ ಎಂಬುದು ಪುಟ್ಟಣ್ಣನವರ ಪ್ರಶ್ನೆ. ಕನ್ನಡದ ಸೈಕಲಾಜಿಕಲ್ ಥ್ರಿಲ್ಲರಿನ ಸ್ವಂತ ರೂಢಿಗಳಲ್ಲಿ ಮುಖ್ಯವಾದದ್ದು ಇದು ಎನ್ನಬಹುದು: ತೀರ್ಪು ಕೊಡುವ ಮನೆ, ಕಾವಲು ಕಾಯುವ ಊರು. ಚಿತ್ರವನ್ನು ಥ್ರಿಲ್ಲರಿನ ಸಾಲಿನಲ್ಲಿ ಸೇರಿಸಲು ಅನೇಕರು ಒಪ್ಪಲಾರರು. ಕಣ್ಣೀರಿನ ಚಿತ್ರ ಅನ್ನುತ್ತಾರೆ. ಕಾವೇರಿ ಮನೆಗೆ ಮರಳಿದ ಮೇಲಿನ ದೃಶ್ಯಗಳನ್ನು ಅವಳ ಕಣ್ಣಿನಿಂದ ನೋಡಿದರೆ ಅಷ್ಟು ಉಸಿರುಕಟ್ಟಿಸುವ ಭಾಗ ನಮ್ಮ ಎಷ್ಟೋ ಕೊಲೆಯ ಚಿತ್ರಗಳಲ್ಲಿಲ್ಲ.

ಭಾರತೀಸುತರ ಕಾದಂಬರಿಯಿಂದ ಬಂದ ‘ಎಡಕಲ್ಲು ಗುಡ್ಡದ ಮೇಲೆ’ (1973) ಇದೇ ನಿರ್ದೇಶಕರು ಅದುಮಿಟ್ಟ ಆಸೆಯನ್ನು ಕುತೂಹಲದ ಎಳೆಯಾಗಿ ನೇಯ್ದ ಚಿತ್ರ. ಅತಿಥಿ ಮನೆಯೊಳಗೆ ಬಂದು ಗಂಡಹೆಂಡಿರ ನಡುವೆ ನಿಲ್ಲುವ ಮಾದರಿಯನ್ನು ಮುಂದೆ ದಿನೇಶ್ ಬಾಬು ‘ಅಮೃತವರ್ಷಿಣಿ’ಯಲ್ಲಿ (1997) ಚೆನ್ನಾಗಿ ದುಡಿಸಿಕೊಂಡರು. ನಗುಮುಖದ ರಮೇಶ್ ಅರವಿಂದ್‌ಗೆ ಮೋಹ ಹತ್ತಿದವನ ಪಾತ್ರ ಕೊಟ್ಟದ್ದೇ ಅಲ್ಲಿನ ಅರ್ಧ ಜಾಣತನ.

ವೈದ್ಯ, ಆಚಾರ್ಯ ಮತ್ತು ಇನ್ನೊಂದು ಭಾಷೆ

ಜಮಖಂಡಿ, ಮುಧೋಳದ ಕಡೆ ಮನಸ್ಸು ಕದಡಿದವರ ಬಗ್ಗೆ ಎರಡು ಮಾತು ಕೇಳಿಸುತ್ತವೆ. ಒಂದು ‘ಗಾಳಿ ಬಡದೈತಿ’, ಇನ್ನೊಂದು ‘ಧಾರವಾಡಕ್ಕ ಒಯ್ಯಬೇಕು’. ಮೊದಲನೆಯದು ಮಂತ್ರ ಹಾಕುವವರ ಮನೆಯ ದಾರಿ. ಎರಡನೆಯದು ಬ್ರಿಟಿಷರ ಕಾಲದಿಂದ ಧಾರವಾಡದಲ್ಲಿರುವ, ಈಗ ಡಿಮ್ಹಾನ್ಸ್ ಎಂದು ಹೆಸರಾದ ಮಾನಸಿಕ ಆಸ್ಪತ್ರೆಯ ದಾರಿ. ಬೆಂಗಳೂರಿನವರು ನಿಮ್ಹಾನ್ಸ್ ಹೆಸರೆತ್ತಿ ತಮಾಷೆ ಮಾಡುವಂತೆ ಇಲ್ಲಿಯವರು ಧಾರವಾಡದ ಹೆಸರೆತ್ತುತ್ತಾರೆ. ಕನ್ನಡ ಸಿನಿಮಾದ ಮನೋವೈದ್ಯ ಈ ಎರಡು ದಾರಿಗಳು ಕೂಡುವ ಕಡೆ ನಿಂತವನು.

‘ನಾ ನಿನ್ನ ಬಿಡಲಾರೆ’ (1979) ಮೊದಲ ದಾರಿಯನ್ನು ಪೂರ್ತಿ ನಂಬಿದ ಚಿತ್ರ. ಅನಂತ್‌ನಾಗ್, ಲಕ್ಷ್ಮಿ ದಂಪತಿಗಳ ಸಂಸಾರಕ್ಕೆ ಅಂಟಿದ ಪ್ರೇತಕ್ಕೆ ಮಂತ್ರಾಲಯದ ರಾಯರ ಕೃಪೆಯೇ ಮದ್ದು. ‘ಮಾನಸ ಸರೋವರ’ (1982) ಎರಡನೆಯ ದಾರಿಯಲ್ಲಿ ಹೊರಟು, ದಾರಿ ತೋರುವವನನ್ನೇ ಕೆಡವುತ್ತದೆ. ಶ್ರೀನಾಥ್ ಮಾಡಿದ ವೈದ್ಯನ ಆರೈಕೆಯಲ್ಲಿ ರೋಗಿ ಗುಣವಾಗುತ್ತಾಳೆ, ಅವಳನ್ನು ಪ್ರೀತಿಸಿದ ವೈದ್ಯನಿಗೆ ಬುದ್ಧಿಭ್ರಮಣೆಯಾಗುತ್ತದೆ. ವೈದ್ಯನೆಂದರೆ ಸರ್ವಜ್ಞ ಎಂಬ ಹಾಲಿವುಡ್ಡಿನ ರೂಢಿಗೆ ಇದು ಚೆನ್ನಾದ ಪೆಟ್ಟು.

ಪಿ. ವಾಸು ನಿರ್ದೇಶಿಸಿದ ‘ಆಪ್ತಮಿತ್ರ’ (2004) ಎರಡೂ ದಾರಿಗಳನ್ನು ಜೋಡಿಸಿ ಗೆದ್ದಿತು. ಫಾಜಿಲ್ ಅವರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ (1993) ಇದರ ಮೂಲ. ಹಳೆಯ ಅರಮನೆ, ತೆರೆಯಬಾರದ ಕೋಣೆ, ಅದನ್ನು ತೆರೆದ ಗಂಗಾ, ಅವಳೊಳಗೆ ಎದ್ದ ನರ್ತಕಿ ನಾಗವಲ್ಲಿ. ವಿಷ್ಣುವರ್ಧನ್ ಮಾಡಿದ ಮನೋವೈದ್ಯ ಇದು ದೆವ್ವವಲ್ಲ, ಒಡೆದ ವ್ಯಕ್ತಿತ್ವ ಎಂದು ಬಿಡಿಸಿ ಹೇಳುತ್ತಾನೆ. ಹೇಳಿಯೂ ಕೊನೆಯ ಚಿಕಿತ್ಸೆಗೆ ಅವಿನಾಶ್ ಮಾಡಿದ ಆಚಾರ್ಯರ ಮಂಡಲ, ಮಂತ್ರ, ಬೆಂಕಿಗಳೇ ಬೇಕಾಗುತ್ತವೆ. ವಿಜ್ಞಾನ ನಂಬುವವರೂ ದೆವ್ವ ನಂಬುವವರೂ ಒಂದೇ ಬಾಗಿಲಿನಿಂದ ತೃಪ್ತರಾಗಿ ಹೊರಬರುವ ಕ್ಲೈಮ್ಯಾಕ್ಸ್ ಅದು. ವ್ಯಾಪಾರದ ದೃಷ್ಟಿಯಿಂದ ಇದಕ್ಕಿಂತ ಗಟ್ಟಿ ಸೂತ್ರ ಕನ್ನಡಕ್ಕೆ ಸಿಕ್ಕಿಲ್ಲ. ಗಂಗಾ ಆಗಿ ನಟಿಸಿದ ಸೌಂದರ್ಯ ಚಿತ್ರದ ಬಿಡುಗಡೆಗೆ ಮುಂಚೆ, 2004ರ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು. ತೆರೆಯ ಮೇಲೆ ಅವರನ್ನು ನೋಡುವಾಗಿನ ಕಸಿವಿಸಿಗೆ ಆ ಸಂಗತಿಯೂ ಸೇರಿಕೊಂಡಿತು.

‘ಆಪ್ತಮಿತ್ರ’ದ ಇನ್ನೊಂದು ಗುಟ್ಟು ಭಾಷೆಯಲ್ಲಿದೆ. ಕನ್ನಡದ ಗಂಗಾಳೊಳಗಿನ ನಾಗವಲ್ಲಿ ತೆಲುಗಿನಲ್ಲಿ ಹಾಡುತ್ತಾಳೆ. ಮಲಯಾಳಂ ಮೂಲದಲ್ಲಿ ಅವಳು ತಮಿಳಿನವಳು. ಮನೆಯ ಹೆಣ್ಣಿನ ಬಾಯಿಂದ ಮನೆಯದಲ್ಲದ ಭಾಷೆ ಬಂದ ಕೂಡಲೇ ನೋಡುಗರ ಬೆನ್ನು ತಣ್ಣಗಾಗುತ್ತದೆ. ನಮ್ಮೊಳಗಿನ ಅಪರಿಚಿತರು ಪಕ್ಕದ ರಾಜ್ಯದಿಂದ ಬರುತ್ತಾರೆ ಎಂಬ ಈ ರೂಢಿಯನ್ನು ಇನ್ನಷ್ಟು ಯೋಚಿಸಿ ನೋಡಬೇಕಾದೀತು.

ದನಿ, ಹಾಡು ಮತ್ತು ಹಾಡಿಲ್ಲದಿರುವುದು

ಮುಖ ಕಾಣದ ದನಿ ಈ ಪ್ರಕಾರದ ಹಳೆಯ ಉಪಕರಣ. ಭಾರತೀಯ ಚಿತ್ರರಂಗದ ಆ ಚರಿತ್ರೆಯಲ್ಲಿ ಬೀಳಗಿಯ ಹೆಸರೂ ಸೇರುತ್ತದೆ. ಆಗಿನ ವಿಜಾಪುರ ಜಿಲ್ಲೆಯ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ ಹಾಡಿದರು, ನಟಿಸಿದರು. ಅಕ್ಕ ಗೋಹರ್‌ಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆಗಾತಿ. ಬಾಂಬೆ ಟಾಕೀಸಿನ ‘ಕಿಸ್ಮತ್’ (1943) ಚಿತ್ರಕ್ಕೆ ಅಮೀರ್‌ಬಾಯಿ ಕೊಟ್ಟ ದನಿ ದೇಶವನ್ನೆಲ್ಲ ಸುತ್ತಿತು. ಕಳ್ಳನ ಪಾತ್ರದ ಅಶೋಕ್ ಕುಮಾರ್ ನಾಯಕನಾಗಿ ಬಂದ ಆ ಚಿತ್ರ ಕಲ್ಕತ್ತೆಯ ಒಂದೇ ಥಿಯೇಟರಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು. ನೋಡುಗರ ಒಲವು ತಪ್ಪಿತಸ್ಥನ ಕಡೆ ವಾಲುವ ರೂಢಿ ಹಿಂದಿಯಲ್ಲಿ ಬಲವಾದದ್ದು ಇದರಿಂದ. ಅದೇ ಕಂಪನಿಯ ‘ಮಹಲ್’ (1949) ಮುಖ ಕಾಣದ ದನಿಯನ್ನು ಪಾಳುಮನೆಯಲ್ಲಿ ಅಲೆಸಿ, ಹಾಡುವವಳು ಹೆಣ್ಣೋ ಪ್ರೇತವೋ ಎಂದು ನಾಯಕನ ಬುದ್ಧಿ ಕೆಡಿಸಿತು. ಅದನ್ನು ಹಾಡಿದವರು ಲತಾ ಮಂಗೇಶ್ಕರ್. 1965ರಲ್ಲಿ ತೀರಿಕೊಂಡ ಅಮೀರ್‌ಬಾಯಿಯವರ ಬದುಕಿನ ಬಗ್ಗೆ ರಹಮತ್ ತರೀಕೆರೆಯವರ ಪುಸ್ತಕವಿದೆ.

ಕನ್ನಡದಲ್ಲಿ ಮುಖವಿಲ್ಲದ ದನಿಯನ್ನು ಕೊನೆಯವರೆಗೂ ಹಟಹಿಡಿದು ಕಾದ ಚಿತ್ರ ಸುನೀಲ್ ಕುಮಾರ್ ದೇಸಾಯಿಯವರ ‘ಬೆಳದಿಂಗಳ ಬಾಲೆ’ (1995). ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ಇದಕ್ಕೆ ಆಧಾರ. ಚೆಸ್ ಆಟಗಾರ ರೇವಂತ್‌ಗೆ, ಅಂದರೆ ಅನಂತ್‌ನಾಗ್‌ಗೆ, ಫೋನಿನಲ್ಲಿ ಒಬ್ಬಳು ಸವಾಲು ಹಾಕುತ್ತಾಳೆ. ಅವಳ ಮುಖ ಚಿತ್ರದಲ್ಲಿ ಕಾಣುವುದೇ ಇಲ್ಲ. ಇದನ್ನು ಪ್ರೇಮಕಥೆಯೆಂದೇ ಜನ ನೆನೆಯುತ್ತಾರೆ, ಆದರೆ ಅದರ ಯಂತ್ರವೆಲ್ಲ ಥ್ರಿಲ್ಲರಿನದು.

ದೇಸಾಯಿಯವರ ದೊಡ್ಡ ಧೈರ್ಯ ಬೇರೆ ಕಡೆ ಇದೆ. ಹಾಡಿಲ್ಲದೆ ಕನ್ನಡ ಸಿನಿಮಾ ಓಡದೆಂದು ಚಿತ್ರೋದ್ಯಮದ ನೆಲೆಯಾದ ಬೆಂಗಳೂರಿನ ಗಾಂಧಿನಗರ ನಂಬಿದ್ದ ಕಾಲದಲ್ಲಿ ‘ತರ್ಕ’ (1989) ಒಂದೂ ಹಾಡಿಲ್ಲದೆ ಬಂತು. ಶಂಕರ್‌ನಾಗ್, ದೇವರಾಜ್, ವನಿತಾ ವಾಸು, ಒಂದು ಮನೆ, ಒಂದು ರಾತ್ರಿಯ ಬಿಗಿ. ‘ಉತ್ಕರ್ಷ’ (1990) ವಿಕೃತ ಮನಸ್ಸಿನ ಕೊಲೆಗಾರನನ್ನು ನಡುವಿಗೆ ತಂದಿತು, ‘ನಿಷ್ಕರ್ಷ’ (1993) ಮತ್ತೆ ಹಾಡು ಬಿಟ್ಟಿತು. ಹಾಡು ಎಂದರೆ ನಮ್ಮ ನೋಡುಗನಿಗೆ ಬಿಡುವು, ಎದ್ದುಹೋಗುವ ಹೊತ್ತು. ಆ ಬಿಡುವನ್ನು ಕಿತ್ತುಕೊಂಡರೆ ಉಳಿಯುವುದು ಇಂಟರ್ವಲ್ ಒಂದೇ. ಪಶ್ಚಿಮದ ಥ್ರಿಲ್ಲರಿಗೆ ಇಲ್ಲದ ಈ ಇಂಟರ್ವಲ್ ಇಲ್ಲಿ ಸ್ವಂತ ರೂಢಿಯಾಗಿ ಬೆಳೆದಿದೆ: ಮೊದಲರ್ಧವೆಲ್ಲ ಒಂದು ಹೆಜ್ಜೆಗುರುತಿನ ಹಿಂದೆ ನಡೆಸಿ, ವಿರಾಮದ ಗಂಟೆಗೆ ಸರಿಯಾಗಿ ಅದು ತಪ್ಪು ಹೆಜ್ಜೆಯೆಂದು ತೋರಿಸುವುದು. ಅದೇ ನಿರ್ದೇಶಕರ ‘ಮರ್ಮ’ (2002), ಪ್ರೇಮಾ ನಟಿಸಿದ್ದು, ಭಯಪಟ್ಟ ಹೆಣ್ಣೊಬ್ಬಳ ಮನಸ್ಸಿನೊಳಗೇ ಇಡೀ ಕಥೆಯನ್ನು ಕಟ್ಟಲು ನೋಡಿತು.

ದೇಸಾಯಿಗಿಂತ ಮುಂಚೆ ಕಾಶೀನಾಥ್ ‘ಅಪರಿಚಿತ’ (1978) ಮಾಡಿದ್ದರು. ಅದರಲ್ಲಿ ನಟಿಸಿದ ಧಾರವಾಡದ ಸುರೇಶ್ ಹೆಬ್ಳೀಕರ್ ಮುಂದೆ ನಿರ್ದೇಶಕರಾಗಿ ಲೈಂಗಿಕ ಮನೋವಿಜ್ಞಾನವನ್ನೇ ವಸ್ತು ಮಾಡಿಕೊಂಡ ‘ಕಾಡಿನ ಬೆಂಕಿ’ಯನ್ನು ತಂದರು. ಅದಕ್ಕೆ ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಮಾತು ಮುಜುಗರ ಪಡುವ ಕಡೆ ಕ್ಯಾಮೆರಾ ಇಟ್ಟ ಕೆಲವರಲ್ಲಿ ಹೆಬ್ಳೀಕರ್ ಒಬ್ಬರು. ಅವರ ಚಿತ್ರಗಳಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಕನಸು, ಹಲವು ಕಣ್ಣು

ಪವನ್ ಕುಮಾರ್ ಅವರ ‘ಲೂಸಿಯಾ’ (2013) ಜನರಿಂದಲೇ ಹಣ ಕೂಡಿಸಿ ಮಾಡಿದ ಚಿತ್ರ. 110 ಮಂದಿ ಸೇರಿ ಸುಮಾರು 51 ಲಕ್ಷ ರೂಪಾಯಿ ಹಾಕಿದರು. ಹಳೆಯ ಥಿಯೇಟರಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ನಿಕ್ಕಿಗೆ ನಿದ್ದೆ ಬಾರದ ಕಾಯಿಲೆ. ಬೇಕಾದ ಕನಸು ತರುವ ಮಾತ್ರೆ ನುಂಗುತ್ತಾನೆ. ಗುಟ್ಟು ಮೊದಲೇ ಒಡೆಯುವುದು ಬೇಡ ಎನ್ನುವವರು ಮುಂದಿನ ಎರಡು ವಾಕ್ಯ ಬಿಟ್ಟು ಓದಬಹುದು. ಬಣ್ಣದಲ್ಲಿ ಕಾಣುವ ಬಡತನ ನಿಜ, ಕಪ್ಪುಬಿಳುಪಿನ ತಾರೆಯ ಬದುಕು ಕನಸು ಎಂದು ನಂಬಿಸಿ, ಕೊನೆಗೆ ಚಿತ್ರ ಎರಡನ್ನೂ ತಿರುಗಿಸಿಡುತ್ತದೆ. ಬಣ್ಣವೆಂದರೆ ನಿಜ ಎಂಬ ಸಿನಿಮಾದ ಅಭ್ಯಾಸವನ್ನೇ ಬಲೆಯಾಗಿ ಬೀಸಿದ್ದು ಜಾಣತನ. ಅವರ ‘ಯು ಟರ್ನ್’ (2016) ಬೆಂಗಳೂರಿನ ಒಂದು ಫ್ಲೈಓವರ್ ಮೇಲೆ ಸರಿಸಿಟ್ಟ ಕಲ್ಲುಗಳಿಂದ ಪಾಪಪ್ರಜ್ಞೆಯ ಕಥೆ ಕಟ್ಟಿತು, ಹಲವು ಭಾಷೆಗಳಿಗೆ ಹೋಯಿತು. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ಕುರೊಸಾವನ ‘ರಾಶೋಮನ್’ (1950) ಮಾದರಿಯ ಹಲವು ಕಣ್ಣುಗಳನ್ನು ಮಲ್ಪೆಯ ಕಡಲಿಗೆ ತಂದಿತು. ಅನೂಪ್ ಭಂಡಾರಿಯವರ ‘ರಂಗಿತರಂಗ’ (2015) ಕರಾವಳಿಯ ಭೂತದ ನೆರಳಿನಲ್ಲಿ ನಡೆಯುತ್ತದೆ. ದಯಾಳ್ ಪದ್ಮನಾಭನ್ ಅವರ ‘ಆ ಕರಾಳ ರಾತ್ರಿ’ (2018) ಮೋಹನ್ ಹಬ್ಬು ಅವರ ನಾಟಕದಿಂದ ಬಂದದ್ದು. ರಾತ್ರಿ ತಂಗಲು ಬಂದ ಅತಿಥಿ, ಮನೆಯವರ ಆಸೆ, ಅಷ್ಟೇ ಸಾಕಾಯಿತು.

ಬಾಗಲಕೋಟೆ ಸೀಮೆಯ ಪಾಲು

ಮೇಲಿನ ಪಟ್ಟಿಯಲ್ಲಿ ಬೆಂಗಳೂರಿದೆ, ಮೈಸೂರಿದೆ, ಮಲೆನಾಡು, ಕರಾವಳಿಗಳಿವೆ. ಮಂಜು ಕವಿದ ಗುಡ್ಡ ಕಂಡರೆ ಗುಟ್ಟು ಇರಲೇಬೇಕೆಂದು ಕನ್ನಡ ನೋಡುಗ ಒಪ್ಪಿಕೊಂಡಾಗಿದೆ. ಬಯಲುಸೀಮೆಯ ಉರಿಬಿಸಿಲಿನಲ್ಲಿ ಅಂಜಿಕೆ ಹುಟ್ಟೀತೆಂದು ಯಾರಿಗೂ ಅನಿಸಿದಂತಿಲ್ಲ. ಮುಧೋಳ, ಜಮಖಂಡಿಯ ಆಳೆತ್ತರ ಮೀರಿದ ಕಬ್ಬಿನ ಹೊಲದಲ್ಲಿ ಎರಡು ಹೆಜ್ಜೆ ಒಳಗೆ ಹೋದವರು ಹೊರಗಿನವರಿಗೆ ಕಾಣುವುದಿಲ್ಲ. ರಬಕವಿ ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದು ಹಗಲಿರುಳು ಒಂದೇ ಸಮ. ಆ ಸದ್ದು ತಟ್ಟನೆ ನಿಂತರೆ ನೇಕಾರರ ಮನೆಯವರು ನಿದ್ದೆಯಿಂದ ಏಳುತ್ತಾರೆ. ಆಲಮಟ್ಟಿ ಹಿನ್ನೀರಿಗೆ ಮನೆ, ಗುಡಿ ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ನಡೆದ ಬೀಳಗಿ ತಾಲ್ಲೂಕಿನ ಊರುಗಳಿವೆ. ಹಿನ್ನೆಲೆ ಸಂಗೀತವೂ ಸೆಟ್ಟೂ ಖರ್ಚಿಲ್ಲದೆ ಸಿದ್ಧ.

ತಡೆದದ್ದು ಜಾಗವಲ್ಲ, ಮಾತು. ಗಾಂಧಿನಗರದ ಚಿತ್ರಗಳಲ್ಲಿ ಉತ್ತರ ಕರ್ನಾಟಕದ ಮಾತು ಬಹುಕಾಲ ನಗೆಯ ಪಾತ್ರಕ್ಕೆ, ತಪ್ಪಿದರೆ ಮೀಸೆ ತಿರುವುವ ಗೌಡನಿಗೆ ಮೀಸಲಾಯಿತು. ಅದೇ ಮಾತಿನಲ್ಲಿ ಒಬ್ಬಳು ಮನಸ್ಸಿನ ಒಳಗನ್ನು ಬಗೆದು ಹೇಳುವುದು ಈ ನೆಲದ ಬಯಲಾಟಕ್ಕೆ ಹೊಸದಲ್ಲ. ಮುಧೋಳ, ಜಮಖಂಡಿ, ಗೋಕಾಕ ಸುತ್ತಿನ ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ಒಂದು ಹೂವು ಸವತಿಗೆ ಹೋದದ್ದಕ್ಕೆ ಸತ್ಯಭಾಮೆಯ ಹೊಟ್ಟೆಕಿಚ್ಚು ರಾತ್ರಿಯಿಡೀ ಉರಿಯುತ್ತದೆ. ಭಾಗವತ ಅವಳ ಪಕ್ಕದಲ್ಲೇ ನಿಂತು ಕೆಣಕಿ ಕೆಣಕಿ ಕೇಳುತ್ತಾನೆ. ಅವಳು ಸಿಟ್ಟಾಗುತ್ತ, ಅಳುತ್ತ, ಒಳಗಿದ್ದದ್ದನ್ನೆಲ್ಲ ಹೊರಗೆ ಹಾಕುತ್ತಾಳೆ. ಕೃಷ್ಣ ಕೊರವಂಜಿಯ ವೇಷದಲ್ಲಿ ಬರುತ್ತಾನೆ. ಪ್ರಶ್ನೆ ಕೇಳಿ ಮನಸ್ಸು ಬಿಡಿಸುವವನು, ವೇಷ ಮರೆಸಿ ಬರುವ ಗಂಡ, ಬೆಳಗಾಗುವವರೆಗೂ ಏಳದ ನೋಡುಗರು: ಇದಕ್ಕೆ ಇನ್ನೇನು ಬೇಕಿತ್ತು.

ಸಿನಿಮಾದಲ್ಲಿ ಆ ಮಾತಿಗೆ ಆ ಘನತೆ ಸಿಕ್ಕದ್ದು ಟಿ.ಎಸ್. ನಾಗಾಭರಣರ ‘ನಾಗಮಂಡಲ’ದಲ್ಲಿ. ಗಿರೀಶ ಕಾರ್ನಾಡರ ನಾಟಕದಿಂದ ಬಂದ ಈ ಚಿತ್ರ 1997ರದು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದೂ ಅದೇ ವರ್ಷ. ಪ್ರಕಾಶ್ ರೈ ಹಗಲಿಗೆ ಹೆಂಡತಿಯನ್ನು ಕೋಣೆಯಲ್ಲಿ ಕೂಡಿಹಾಕುವ ಗಂಡ, ರಾತ್ರಿಗೆ ಅದೇ ರೂಪದಲ್ಲಿ ಅಕ್ಕರೆಯಿಂದ ಬರುವ ನಾಗ. ವಿಜಯಲಕ್ಷ್ಮಿ ಮಾಡಿದ ರಾಣಿಗೆ ಯಾವುದು ಕನಸು, ಯಾವುದು ಗಂಡ ಎಂದು ತಿಳಿಯದು. ಬಾಗಿಲು ಮುಚ್ಚಿದ ಮನೆ, ಒಂದೇ ಮುಖದ ಇಬ್ಬರು, ತನ್ನ ಕಣ್ಣನ್ನೇ ನಂಬಲಾಗದ ಹೆಣ್ಣು ಎಲ್ಲವೂ ಇಲ್ಲಿವೆ. ಕೊನೆಗೆ ‘ಶರಪಂಜರ’ದಲ್ಲಿದ್ದ ಊರೇ ಇಲ್ಲೂ ತೀರ್ಪಿಗೆ ಕೂಡುತ್ತದೆ. ರಾಣಿ ಹಾವನ್ನು ಹಿಡಿದು ಆಣೆ ಮಾಡುತ್ತಾಳೆ: ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರೆ ಯಾರನ್ನೂ ಮುಟ್ಟಿಲ್ಲ ಎಂದು. ಅವಳು ಹೇಳಿದ್ದರಲ್ಲಿ ಸುಳ್ಳು ಒಂದು ಅಕ್ಷರವೂ ಇಲ್ಲ, ಊರಿಗೆ ನಿಜ ತಿಳಿಯುವುದೂ ಇಲ್ಲ. ಅವಳು ಹೆದರಿದ್ದು, ಬೆರಗಾದದ್ದು, ಆಣೆ ಮಾಡಿದ್ದು ಎಲ್ಲ ಈ ಕಡೆಯ ಮಾತಿನಲ್ಲೇ, ಮತ್ತು ಅದನ್ನು ಕೇಳಿದವರಿಗೆ ನಗು ಬರುವುದಿಲ್ಲ.